ಕತ್ತಿನಲ್ಲಿ ಗಂಟು: ಮುಂಬಯಿಯಲ್ಲಿ ಯಾವ ಪರೀಕ್ಷೆ ಮೊದಲು, ಯಾವುದು ಆಮೇಲೆ

ಕತ್ತಿನಲ್ಲಿ ಗಂಟು ಕಾಣಿಸಿಕೊಂಡರೆ ನಮ್ಮವರು ಮೊದಲು ಮಾಡುವ ಕೆಲಸ ಅದಕ್ಕೆ ಏನಾದರೂ ಹಚ್ಚುವುದು. ಸುಣ್ಣ-ಬೆಲ್ಲ, ಇಲ್ಲವೇ ಬಿಸಿ ಎಣ್ಣೆ. ಅದರಲ್ಲಿ ಇಳಿಯದಿದ್ದರೆ ಕೆಮಿಸ್ಟ್ ಕೊಟ್ಟ ಐದು ದಿನದ ಆ್ಯಂಟಿಬಯಾಟಿಕ್. ಅದರಲ್ಲೂ ಇಳಿಯದಿದ್ದರೆ, ಪಕ್ಕದ ಖೋಲಿಯವರಿಗೆ ಹೀಗೇ ಆಗಿತ್ತಂತೆ ಎಂದು ಟಿಬಿ ಗುಳಿಗೆ. ಗಂಟು ಯಾವುದರದ್ದು ಎಂದು ಕೇಳುವ ಸರದಿ ಇಷ್ಟೆಲ್ಲ ಮುಗಿದ ಮೇಲೆ ಬರುತ್ತದೆ. ಮುಂಬಯಿಯ ಆಸ್ಪತ್ರೆಯೊಂದರ ಪೆಥಾಲಜಿ ವಿಭಾಗದಲ್ಲಿ ಇಂಥ ಗಂಟುಗಳಿಗೆ ಸೂಜಿ ಹಾಕಿ ಪರೀಕ್ಷಿಸುವುದು ನನ್ನ ಕೆಲಸ. ನನ್ನ ಮೇಜಿಗೆ ಬರುವ ಹೊತ್ತಿಗೆ ಸುಣ್ಣ ಹಚ್ಚಿ ಚರ್ಮ ಸುಟ್ಟಿರುತ್ತದೆ, ಅರ್ಧಂಬರ್ಧ ಔಷಧಿಯಿಂದ ಒಳಗಿನ ಚಿತ್ರವೂ ಕಲಸಿಹೋಗಿರುತ್ತದೆ. ಹಾಗಾಗಿ ನನ್ನದು ಒಂದೇ ಹಟ: ಗಂಟಿಗೆ ಹೆಸರು ಸಿಗುವ ತನಕ ಮದ್ದೂ ಬೇಡ, ಕತ್ತಿಯೂ ಬೇಡ.

ಇದಕ್ಕೆ ಹೊರತಾದ ಸಂದರ್ಭ ಒಂದಿದೆ, ಅದನ್ನು ಮೊದಲೇ ಹೇಳುತ್ತೇನೆ.

ಕಾಯಲೇಬಾರದ ಊತ

ಕತ್ತು ಊದಿರುವಾಗ ಉಸಿರಾಡಲು ಕಷ್ಟ, ಎಂಜಲು ನುಂಗಲಾಗದೆ ಬಾಯಿಂದ ಸೋರುವುದು, ಬಾಯಿ ತೆರೆಯಲಾಗದಿರುವುದು, ನಾಲಗೆ ಮೇಲಕ್ಕೆ ಎತ್ತಿಕೊಂಡು ನಿಂತಿರುವುದು, ದನಿ ಹೂತುಹೋದಂತೆ ಬರುವುದು, ಇವುಗಳಲ್ಲಿ ಯಾವುದೊಂದಿದ್ದರೂ ಬೆಳಗಿನ ಓಪಿಡಿಗೆ ಕಾಯಬೇಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ದೊಡ್ಡ ಆಸ್ಪತ್ರೆಯ ಕ್ಯಾಶುವಲ್ಟಿಗೆ ಹೋಗಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಕೆಳದವಡೆಯ ಹುಳುಕು ಹಲ್ಲಿನಿಂದ ಹೊರಟ ಸೋಂಕು ನಾಲಗೆಯ ಅಡಿಗೂ ಗದ್ದದ ಅಡಿಗೂ ಹಬ್ಬಿದರೆ ಒಂದೆರಡು ದಿನದಲ್ಲೇ ಉಸಿರಿನ ದಾರಿ ಮುಚ್ಚಬಹುದು. ವೈದ್ಯರು ಇದನ್ನು ಲುಡ್ವಿಗ್ಸ್ ಆ್ಯಂಜೈನಾ ಎನ್ನುತ್ತಾರೆ. ಹೃದಯದ ಆ್ಯಂಜೈನಾಕ್ಕೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಇದು ಇನ್ನೂ ಬೇಗ ಏರುತ್ತದೆ. ಇಲ್ಲಿ ಹೆಸರು ಹುಡುಕುತ್ತ ಕೂರುವ ಮಾತಿಲ್ಲ: ಮೊದಲು ಉಸಿರು, ಜೊತೆಗೇ ಆ್ಯಂಟಿಬಯಾಟಿಕ್, ಬೇಕಾದರೆ ಕೀವು ತೆಗೆಯುವುದು.

ಇಂಥದ್ದೇನೂ ಇಲ್ಲವಾದರೆ ನಿಮಗೆ ಸಮಯವಿದೆ. ಕನ್ನಡಿಯ ಮುಂದೆ ನಿಲ್ಲಿ.

ಕೈಯಿಂದ ನೋಡಿಕೊಳ್ಳುವುದು

ಕತ್ತಿನಲ್ಲಿ ದುಗ್ಧಗ್ರಂಥಿಗಳು, ಅಂದರೆ ಸೋಂಕನ್ನು ತಡೆಯುವ ಸಣ್ಣ ಗ್ರಂಥಿಗಳು, ಎಲ್ಲರಿಗೂ ನೂರಾರು ಇವೆ. ಸಣಕಲು ಮೈಯವರಿಗೆ, ಮಕ್ಕಳಿಗೆ ದವಡೆಯ ಕೆಳಗೆ ಕಡಲೆಕಾಳಿನಷ್ಟು ಮೆತ್ತಗೆ ಜಾರುವ ಗಂಟು ಕೈಗೆ ಸಿಕ್ಕರೆ ಗಾಬರಿಪಡಬೇಕಿಲ್ಲ. ಗಂಟಲ್ಲದ್ದನ್ನು ಗಂಟೆಂದು ತಿಳಿದು ಬರುವವರೂ ಇದ್ದಾರೆ: ಗಂಟಲಿನ ಮೇಲ್ಭಾಗದಲ್ಲಿರುವ ಹಯಾಯ್ಡ್ ಎಂಬ ಸಣ್ಣ ಮೂಳೆಯ ತುದಿ, ವಯಸ್ಸಾದವರಲ್ಲಿ ಕೆಳಗೆ ಇಳಿಬಿದ್ದ ದವಡೆಯಡಿಯ ಜೊಲ್ಲುಗ್ರಂಥಿ, ಬಡಿಯುತ್ತಿರುವ ಕತ್ತಿನ ರಕ್ತನಾಳ. ಎರಡೂ ಬದಿ ಮುಟ್ಟಿ ಹೋಲಿಸಿದರೆ ಮೊದಲ ಎರಡು ಅಲ್ಲೇ ಬಗೆಹರಿಯುತ್ತವೆ. ಗಂಟೇ ನಾಡಿಯ ಹಾಗೆ ಮಿಡಿಯುತ್ತಿದ್ದರೆ ಮಾತ್ರ ಅದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಿ. ಮಿಡಿಯುವ ಗಂಟಿಗೆ ಸ್ಕ್ಯಾನ್ ಇಲ್ಲದೆ ನಾವು ಸೂಜಿ ಹಾಕುವುದಿಲ್ಲ.

ಆಮೇಲೆ ಒಂದು ಗುಟುಕು ನೀರು ನುಂಗಿ. ನುಂಗುವಾಗ ಗಂಟು ಮೇಲಕ್ಕೆ ಹೋಗಿ ಕೆಳಕ್ಕೆ ಬಂದರೆ ಅದು ಬಹುಮಟ್ಟಿಗೆ ಥೈರಾಯ್ಡಿನದು. ನಾಲಗೆ ಹೊರಗೆ ಚಾಚಿದಾಗಲೂ ಮೇಲಕ್ಕೆ ಹೋದರೆ, ಅದೂ ಕತ್ತಿನ ನಡುಮಧ್ಯದಲ್ಲಿದ್ದರೆ, ಥೈರೋಗ್ಲಾಸಲ್ ಸಿಸ್ಟ್ ಎಂಬ ಹುಟ್ಟಿನಿಂದ ಬಂದ ನೀರಿನ ಚೀಲ ಇರಬಹುದು. ಸ್ಟೆತಸ್ಕೋಪ್ ಕೂಡ ಬೇಡದ ಈ ಪರೀಕ್ಷೆಗಳನ್ನು ಎಷ್ಟು ದೊಡ್ಡ ಆಸ್ಪತ್ರೆಗೆ ಹೋದರೂ ವೈದ್ಯರು ಮೊದಲು ಮಾಡುವುದೇ.

ಗಂಟು ಎಲ್ಲಿದೆ ಎಂಬುದು ಅರ್ಧ ಕಥೆ ಹೇಳುತ್ತದೆ. ಕಿವಿಯ ಕೆಳಗೆ, ಕಿವಿಯ ಹಾಲೆಯನ್ನು ಮೇಲಕ್ಕೆತ್ತುವಂತೆ ಊದಿದ್ದರೆ ಪೆರೋಟಿಡ್ ಜೊಲ್ಲುಗ್ರಂಥಿ. ಮಗುವಿಗೆ ಜ್ವರದ ಜೊತೆ ಬಂದರೆ ಮಂಗನಬಾವು. ದೊಡ್ಡವರಿಗೆ ಒಂದೇ ಬದಿಯಲ್ಲಿ ನೋವಿಲ್ಲದೆ ವರ್ಷಗಟ್ಟಲೆ ನಿಧಾನವಾಗಿ ಬೆಳೆದದ್ದಾದರೆ ಹೆಚ್ಚಾಗಿ ಸಾಧು ಗಡ್ಡೆ, ಅಂದರೆ ಕ್ಯಾನ್ಸರಲ್ಲದ್ದು. ಆದರೆ ಅದೇ ಬದಿಯ ಕಣ್ಣು ಮುಚ್ಚಲಾಗದೆ ಬಾಯಿ ಸೊಟ್ಟಗಾಗಿದ್ದರೆ ಸಾಧು ಎನ್ನುವ ಹಾಗಿಲ್ಲ. ದವಡೆಯ ಅಡಿಯ ಊತ ಊಟದ ಹೊತ್ತಿಗೆ ಸರಿಯಾಗಿ ಎದ್ದು, ಒಂದೆರಡು ಗಂಟೆಯಲ್ಲಿ ತಾನೇ ಇಳಿದರೆ ಜೊಲ್ಲಿನ ನಾಳದಲ್ಲಿ ಹರಳು. ಹಿಂಗತ್ತಿನಲ್ಲಿ ಸಾಲಾಗಿ ಸಣ್ಣ ಗಂಟುಗಳಿದ್ದರೆ ತಲೆ ನೋಡಿ: ಹೇನು, ಗಾಯ, ಹುಳುಕಡ್ಡಿ. ಮೆತ್ತಗೆ, ಚರ್ಮದ ಅಡಿಯಲ್ಲಿ ಜಾರುವ ಕೊಬ್ಬಿನ ಗಡ್ಡೆಗೂ ಅದೇ ಜಾಗ ಇಷ್ಟ.

ಕಾಲರ್ ಮೂಳೆಯ ಮೇಲಿನ ಗುಳಿಯಲ್ಲಿ ಗಂಟು ಸಿಕ್ಕರೆ ಮಾತ್ರ ಗಾತ್ರ ಎಷ್ಟೇ ಸಣ್ಣದಿರಲಿ, ಅಸಡ್ಡೆ ಬೇಡ. ಎಡಬದಿಯದ್ದಾದರೆ ಹೊಟ್ಟೆಯೊಳಗಿನ ಕ್ಯಾನ್ಸರ್ ಕೂಡ ಅಲ್ಲಿಗೆ ಬಂದು ಕೂರುತ್ತದೆ. ಎರಡೂ ಬದಿಗೆ ಶ್ವಾಸಕೋಶ, ಸ್ತನ. ಟಿಬಿಯೂ ಅಲ್ಲಿಗೆ ಬರುತ್ತದೆನ್ನಿ. ಯಾವುದೆಂದು ಕೈ ಹೇಳಲಾರದು, ಪರೀಕ್ಷೆ ಹೇಳಬೇಕು.

ಎಷ್ಟು ದಿನದ್ದು?

ವೈದ್ಯ ವಿದ್ಯಾರ್ಥಿಗಳು ಏಳರ ಲೆಕ್ಕವೊಂದನ್ನು ಉರುಹೊಡೆಯುತ್ತಾರೆ: ಏಳು ದಿನದ್ದಾದರೆ ಸೋಂಕಿನ ಊತ, ಏಳು ತಿಂಗಳಿನದ್ದಾದರೆ ಗಡ್ಡೆ, ಏಳು ವರ್ಷದ್ದಾದರೆ ಹುಟ್ಟಿನಿಂದ ಬಂದದ್ದು. ಒರಟು ಲೆಕ್ಕ, ಆದರೂ ಉಪಯೋಗಕ್ಕೆ ಬರುತ್ತದೆ. ಮುಂಬಯಿಯಲ್ಲಿ ಇದಕ್ಕೆ ಇನ್ನೊಂದು ಸಾಲು ಸೇರಿಸಿಕೊಳ್ಳಬೇಕು: ವಾರಗಳಿಂದ ತಿಂಗಳುಗಳವರೆಗೆ ಮೆಲ್ಲಗೆ ಬೆಳೆದು, ಒಂದಕ್ಕೊಂದು ಅಂಟಿಕೊಂಡು ಗೊಂಚಲಾದದ್ದು, ಹೆಚ್ಚು ನೋವಿಲ್ಲದ್ದು, ಸಂಜೆ ಜ್ವರ ಅಥವಾ ತೂಕ ಇಳಿಕೆಯ ಜೊತೆಗೋ ಅವಿಲ್ಲದೆಯೋ ಬಂದದ್ದು ಟಿಬಿ ಇರಬಹುದು.

ಮನೆಯ ಮಟ್ಟಿಗೆ ನಾನು ಹೇಳುವುದು ಇಷ್ಟು. ಗಂಟಲುನೋವು, ನೆಗಡಿ, ಹಲ್ಲುನೋವಿನ ಜೊತೆ ಎದ್ದ ಗಂಟಿಗೆ ಎರಡು-ಮೂರು ವಾರ ಕೊಡಿ. ಅಷ್ಟರಲ್ಲಿ ಇಳಿಯದಿದ್ದರೆ, ಒಂದು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಬೆಳೆಯುತ್ತಲೇ ಇದ್ದರೆ ತೋರಿಸಿ. ಕಲ್ಲಿನಷ್ಟು ಗಟ್ಟಿ ಇದ್ದು ಅಲುಗಾಡದಿದ್ದರೆ, ದನಿ ಮೂರು ವಾರದಿಂದ ಒಡೆದಿದ್ದರೆ, ನುಂಗುವಾಗ ಸಿಕ್ಕಿಕೊಂಡಂತಾದರೆ ಮೂರು ವಾರ ಕಾಯುವುದೂ ಬೇಡ. ನಲವತ್ತು ದಾಟಿದವರು, ಹೊಗೆಸೊಪ್ಪು ಹಾಕುವವರು ತಮ್ಮ ವಿಷಯದಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು. ನೋವಿಲ್ಲವೆಂದು ಸಮಾಧಾನ ಮಾಡಿಕೊಳ್ಳುವವರೇ ಜಾಸ್ತಿ. ಕತ್ತಿನ ಗಂಟಿನಲ್ಲಿ ನೋವಿಲ್ಲದಿರುವುದು ಒಳ್ಳೆಯ ಲಕ್ಷಣವೇನಲ್ಲ.

ಯಾವ ಬಾಗಿಲಿಗೆ ಹೋಗಬೇಕು

ಮನೆ ಹತ್ತಿರದ ಡಾಕ್ಟರಿಗೆ ತೋರಿಸಿ, ಅವರ ಚೀಟಿ ಹಿಡಿದು ಕಿವಿ-ಮೂಗು-ಗಂಟಲಿನ ಓಪಿಡಿಗೆ ಹೋಗುವುದು ಸರಿಯಾದ ದಾರಿ. ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ, ಅಂದರೆ ಪರೇಲಿನ ಕೆಇಎಂ, ಸಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್‌ನ ನಾಯರ್, ಜುಹು ಕಡೆಯವರಿಗೆ ಕೂಪರ್, ಇವೆಲ್ಲದರಲ್ಲೂ ಆ ವಿಭಾಗವಿದೆ, ನಮ್ಮಂಥ ಪೆಥಾಲಜಿಯವರೂ ಇದ್ದಾರೆ. ಭಾಯಖಳಾದ ಜೆಜೆ ರಾಜ್ಯ ಸರಕಾರದ್ದು. ಓಪಿಡಿ ಬೆಳಗ್ಗೆಯೇ, ಕೇಸ್ ಪೇಪರ್ ಕಿಟಕಿಯ ಸಾಲು ಅದಕ್ಕೂ ಮುಂಚೆ ಶುರುವಾಗುತ್ತದೆ. ಹೋಟೆಲಿನ ಹುಡುಗರು ರಾತ್ರಿ ಪಾಳಿ ಮುಗಿಸಿ ಹತ್ತೂವರೆಗೆ ಬಂದು, ಸಾಲು ಕಂಡು ಹಿಂದಿರುಗಿ, ಮುಂದಿನ ರಜೆಗೆಂದು ತಿಂಗಳು ದೂಡುವುದನ್ನು ನೋಡಿ ಬೇಸರವಾಗುತ್ತದೆ. ಸೇಠ್ರಿಗೆ ಮೊದಲೇ ಹೇಳಿ ಒಂದು ಪೂರ್ತಿ ಬೆಳಗ್ಗೆ ಇಟ್ಟುಕೊಳ್ಳಿ. ಹಳೆಯ ಕೇಸ್ ಪೇಪರ್, ನುಂಗಿದ ಗುಳಿಗೆಗಳ ಖಾಲಿ ಪಟ್ಟಿ ಸಮೇತ ಹೋಗಿ. ಔಷಧಿಯ ಹೆಸರು ನೆನಪಿಲ್ಲ, ಕೆಂಪು ಬಣ್ಣದ್ದು ಅಂದರೆ ಯಾರಿಗೂ ಪ್ರಯೋಜನವಿಲ್ಲ.

ಬಾಯಿ ತೆರೆಸದ ಪರೀಕ್ಷೆ ಪರೀಕ್ಷೆಯೇ ಅಲ್ಲ

ಗಂಟು ಮುಟ್ಟಿ ನೋಡಿ ಅಷ್ಟಕ್ಕೇ ಚೀಟಿ ಬರೆದರೆ ನೀವೇ ಬಾಯಿ ಬಿಟ್ಟು ಕೇಳಿ: ಒಳಗೆ ನೋಡುವುದಿಲ್ಲವೇ? ಕತ್ತಿನ ದುಗ್ಧಗ್ರಂಥಿಗೆ ಮೇಲಿನಿಂದ ಬಂದು ಸೇರುವುದೆಲ್ಲ ಬಾಯಿ, ನಾಲಗೆ, ಟಾನ್ಸಿಲ್, ಮೂಗಿನ ಹಿಂಭಾಗ, ಗಂಟಲಿನದೇ. ಕ್ಯಾನ್ಸರ್ ಹುಟ್ಟುವುದು ಅಲ್ಲಿ, ಕಣ್ಣಿಗೆ ಬೀಳುವುದು ಕತ್ತಿನಲ್ಲಿ.

ಭಾಂಡುಪಿನ ಕಡೆ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವರು ಒಬ್ಬರು ಬಂದಿದ್ದರು. ಐವತ್ತರ ಹತ್ತಿರ, ದವಡೆಯ ಅಡಿಯಲ್ಲಿ ಗಟ್ಟಿ ಗಂಟು. ಎಲ್ಲೋ ಟಿಬಿ ಗುಳಿಗೆ ಶುರುಮಾಡಿ ಎರಡು ತಿಂಗಳಾಗಿತ್ತು. ಸೂಜಿ ಹಾಕುವ ಮುಂಚೆ ಬಾಯಿ ತೆರೆಯಿರಿ ಅಂದೆ. "ಗಂಟು ಇರುವುದು ಕತ್ತಿನಲ್ಲಿ ಅಲ್ವಾ ಮೇಡಂ, ಬಾಯಿ ಯಾಕೆ?" ಅಂದರು. ತೆರೆದರೆ ಎರಡು ಬೆರಳು ಕೂಡ ಹೋಗಲಿಲ್ಲ. ಕೆನ್ನೆಯ ಒಳಭಾಗ ಬೆಳ್ಳಗೆ ಬಿಗಿದುಕೊಂಡಿತ್ತು. ಟಾರ್ಚ್ ಓರೆಯಾಗಿ ಹಿಡಿದಾಗ ಕೆಳಗಿನ ಕಡೆಹಲ್ಲಿನ ಪಕ್ಕ, ಗುಟ್ಕಾ ಒತ್ತಿಡುವ ಜಾಗದಲ್ಲೇ, ಅಂಚು ದಪ್ಪಗಾದ ಹುಣ್ಣು. ಹುಣ್ಣಿದ್ದದ್ದು ಅವರಿಗೆ ಗೊತ್ತಿತ್ತು, ಖಾರ ತಿಂದರೆ ಉರಿಯುತ್ತಿತ್ತು. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಿಂದ ನಿಷೇಧ. ಸಿಗುವುದಕ್ಕೆ ತೊಂದರೆಯೇನಿಲ್ಲ, ನಿಮಗೂ ಗೊತ್ತು. ಮಾವಾ, ಖೈನಿ, ಕಡ್ಡಿಪುಡಿ, ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿ, ಎಲ್ಲವನ್ನೂ ವೈದ್ಯರ ಮುಂದೆ ಹೇಳಿಬಿಡಿ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ: ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ, ಗಂಟು ಇರಲಿ ಬಿಡಲಿ, ಬಾಯಿ ತೋರಿಸಿಕೊಳ್ಳಬೇಕು. ಹಲ್ಲಿನ ಸೆಟ್ ಹಾಕುವವರು ತೆಗೆದು ತೋರಿಸಿ. ಗಂಟಲಿನ ಆಳ, ಮೂಗಿನ ಹಿಂಭಾಗ ನೋಡುವುದಕ್ಕೆ ಎಂಡೋಸ್ಕೋಪ್ ಎಂಬ ಸಣ್ಣ ಕೊಳವೆ ಹಾಕುತ್ತಾರೆ. ಸ್ವಲ್ಪ ಓಕರಿಕೆ ಬರುತ್ತದೆ, ನೋವಿಲ್ಲ. ಬಗಲು, ತೊಡೆಸಂದು, ಹೊಟ್ಟೆ, ಹೆಂಗಸರಾದರೆ ಸ್ತನ ಕೂಡ ನೋಡಿಯೇ ಕಳಿಸಬೇಕು.

ರಕ್ತ, ಎಕ್ಸ್‌ರೇ, ಸೋನೊಗ್ರಫಿ

ರಕ್ತಪರೀಕ್ಷೆಯಿಂದ ಗಂಟಿನ ಹೆಸರು ಸಿಗುವುದು ಅಪರೂಪ. ಸಿಬಿಸಿ, ಸಕ್ಕರೆ, ಎಚ್‌ಐವಿ ಮಾಡಿಸುವುದು ಸರಿ. ಇಎಸ್‌ಆರ್ (ರಕ್ತಕಣಗಳು ತಳಕ್ಕಿಳಿಯುವ ವೇಗ) ಏರಿದೆ ಆದ್ದರಿಂದ ಟಿಬಿ ಎಂಬ ತೀರ್ಮಾನ ಮಾತ್ರ ತಪ್ಪು. ಇಎಸ್‌ಆರ್ ಹತ್ತಾರು ಕಾರಣಕ್ಕೆ ಏರುತ್ತದೆ. ಕೈಗೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆಯಾಗಲಿ ಟಿಬಿ ಗೋಲ್ಡ್ ಎಂಬ ರಕ್ತಪರೀಕ್ಷೆಯಾಗಲಿ ತೋರಿಸುವುದು ಟಿಬಿಯ ರೋಗಾಣು ಎಂದೋ ಮೈಗೆ ಬಂದಿದೆಯೆಂದು ಮಾತ್ರ. ಈ ಊರಿನಲ್ಲಿ ಅದು ಎಷ್ಟೋ ಜನರಿಗೆ ಬಂದಿರುತ್ತದೆ. ರಕ್ತದಲ್ಲಿ ಟಿಬಿಯ ಪ್ರತಿಕಾಯ ನೋಡುವ ಪರೀಕ್ಷೆಯನ್ನಂತೂ ಕೇಂದ್ರ ಸರಕಾರ 2012ರಲ್ಲೇ ನಿಷೇಧಿಸಿದೆ. ಎದೆಯ ಎಕ್ಸ್‌ರೇ ಎಲ್ಲರಿಗೂ ಬೇಕು.

ಸೋನೊಗ್ರಫಿಗೆ ಹಿಂದೆಮುಂದೆ ನೋಡಬೇಡಿ. ಗಂಟು ದುಗ್ಧಗ್ರಂಥಿಯದೋ ಥೈರಾಯ್ಡಿನದೋ, ನೀರೋ ಘನವೋ ಎಂದು ಹೇಳುವುದಕ್ಕೆ ಇದಕ್ಕಿಂತ ಅಗ್ಗದ ಸಾಧನವಿಲ್ಲ. ವರದಿಯಲ್ಲಿ ಫ್ಯಾಟಿ ಹೈಲಮ್ ಉಳಿದಿದೆ ಎಂದಿದ್ದರೆ ಗ್ರಂಥಿಯ ಒಳಗಿನ ಕಟ್ಟು ಕೆಟ್ಟಿಲ್ಲವೆಂದು, ಒಳ್ಳೆಯ ಸುದ್ದಿ. ಅದು ಅಳಿಸಿಹೋಗಿ, ಗ್ರಂಥಿ ದುಂಡಗಾಗಿ, ನೆಕ್ರೋಸಿಸ್ (ಒಳಭಾಗ ಸತ್ತಿರುವುದು) ಅಥವಾ ಮ್ಯಾಟೆಡ್ (ಒಂದಕ್ಕೊಂದು ಅಂಟಿರುವುದು) ಎಂದಿದ್ದರೆ ಮುಂದಿನ ಹೆಜ್ಜೆ ಸೂಜಿ. ಸಿಟಿ, ಎಂಆರ್‌ಐ, ಪೆಟ್ ಸ್ಕ್ಯಾನ್ ಮೊದಲ ದಿನದ ಪರೀಕ್ಷೆಗಳಲ್ಲ.

ಸೂಜಿ ಪರೀಕ್ಷೆ

ಎಫ್‌ಎನ್‌ಎಸಿ ಎಂದು ಚೀಟಿಯಲ್ಲಿ ಬರೆದಿರುವುದು ಇದೇ. ಉಪವಾಸ ಬೇಡ, ಭರ್ತಿಯಾಗುವುದು ಬೇಡ. ರಕ್ತ ತೆಳುಮಾಡುವ ಗುಳಿಗೆ, ಅಂದರೆ ಆ್ಯಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಥೈರಾಯ್ಡ್ ಆದರೆ ಭುಜದ ಕೆಳಗೆ ದಿಂಬಿಟ್ಟು ಮಲಗಿಸುತ್ತೇವೆ, ಕತ್ತು ಹಿಂದಕ್ಕೆ ಬಾಗುತ್ತದೆ. ಸೂಜಿ ಒಳಗಿರುವಾಗ ಎಂಜಲು ನುಂಗಬಾರದು, ಮಾತಾಡಬಾರದು. ಸೂಜಿ ಇಂಜೆಕ್ಷನ್ ಕೊಡುವಂಥದ್ದೇ, 23 ಗೇಜ್ ಅಥವಾ ಅದಕ್ಕಿಂತ ಸಣ್ಣದು. ಎಡಗೈಯ ಎರಡು ಬೆರಳಿನ ನಡುವೆ ಗಂಟನ್ನು ಹಿಡಿದು ಒಳಗೆ ಬಿಟ್ಟು, ಹಿಂದಕ್ಕೂ ಮುಂದಕ್ಕೂ ಕೆಲವು ಸಲ ಆಡಿಸಿ ತೆಗೆಯುತ್ತೇವೆ. ಸೂಜಿಯ ಬುಡದಲ್ಲಿ ಬರುವುದನ್ನು ನೋಡಿದರೇ ಎಷ್ಟೋ ಸಲ ಅಂದಾಜಾಗುತ್ತದೆ: ಟಿಬಿ ಗ್ರಂಥಿಯಿಂದ ಹಳದಿ-ಬಿಳಿ ಗಿಣ್ಣಿನ ಚೂರಿನಂಥದ್ದು, ಸಿಸ್ಟಿನಿಂದ ನೀರು, ಥೈರಾಯ್ಡಿನಿಂದ ಅಂಟುಅಂಟಾದ ಕೊಲಾಯ್ಡ್. ಗಾಜಿನ ಸ್ಲೈಡಿನ ಮೇಲೆ ಹಾಕಿ, ಇನ್ನೊಂದು ಸ್ಲೈಡಿನಿಂದ ಎಳೆದು, ಕೆಲವನ್ನು ಗಾಳಿಗೆ ಒಣಗಿಸಿ, ಕೆಲವನ್ನು ಆಲ್ಕೊಹಾಲಿಗೆ ಅದ್ದುತ್ತೇವೆ. ಎರಡು ಮೂರು ಸಲ ಚುಚ್ಚಬೇಕಾಗುತ್ತದೆ, ಆ ಹೊತ್ತಿಗೆ ನಮ್ಮನ್ನು ಬೈಯುವವರಿದ್ದಾರೆ. ಆಮೇಲೆ ಐದು ನಿಮಿಷ ಒತ್ತಿ ಹಿಡಿದು, ಹೊರಗೆ ಬೆಂಚಿನಲ್ಲಿ ಕೂತು ಹೋದರಾಯಿತು.

"ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಮಾತು ಎಲ್ಲಿಂದ ಹೊರಟಿತೋ. ಇಷ್ಟು ಸಣ್ಣ ಸೂಜಿಯಿಂದ ಕತ್ತಿನಲ್ಲಿ ಹಾಗಾಗುವ ಭಯ ಇಟ್ಟುಕೊಳ್ಳಬೇಕಿಲ್ಲ. ಹರಡುವುದು ತಿಂಗಳುಗಟ್ಟಲೆ ಕಾಯುವುದರಿಂದ.

ಈಗ ಈ ಲೇಖನದಲ್ಲಿ ಬೇರೇನು ಮರೆತರೂ ಮರೆಯಬಾರದ ವಿಷಯ. ಟಿಬಿಯ ಗುಮಾನಿ ಇದ್ದರೆ ಸೂಜಿಯಲ್ಲಿ ಬಂದದ್ದರಲ್ಲಿ ಒಂದು ಪಾಲು ಸ್ಲೈಡಿಗೆ, ಇನ್ನೊಂದು ಪಾಲು ಸಲೈನ್ ಇರುವ ಸ್ವಚ್ಛ ಬಾಟಲಿಗೆ ಹೋಗಬೇಕು. ಸಲೈನಿನದ್ದು ಸಿಬಿನ್ಯಾಟ್ ಪರೀಕ್ಷೆಗೂ ಕಲ್ಚರಿಗೂ, ಅಂದರೆ ರೋಗಾಣು ಬೆಳೆಸಿ ನೋಡುವುದಕ್ಕೂ. ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯೇ, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ಹೇಳುತ್ತದೆ. ಗೋವಾದಲ್ಲಿ ತಯಾರಾಗುವ ಟ್ರೂನ್ಯಾಟ್ ಯಂತ್ರವೂ ಇಂಥದ್ದೇ ಜಾತಿಯದು. ಕಲ್ಚರಿಗೆ ವಾರಗಳು ಬೇಕು. ಆಪರೇಶನ್ ಮಾಡಿ ಇಡೀ ಗ್ರಂಥಿ ತೆಗೆದಾಗಲೂ ಇದೇ ನಿಯಮ. ಪೂರ್ತಿ ತುಂಡನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿದರೆ ರೋಗಾಣು ಸತ್ತು ಕಲ್ಚರಿನ ಬಾಗಿಲು ಮುಚ್ಚಿಹೋಗುತ್ತದೆ. ಆಪರೇಶನ್ ಥಿಯೇಟರಿಗೆ ಹೋಗುವ ಮುಂಚೆ ಸರ್ಜನ್‌ಗೆ ಕೇಳಿ: "ಒಂದು ತುಂಡು ಸಲೈನಿಗೆ ಹಾಕ್ತೀರಲ್ಲ?" ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಈ ಒಂದು ಮಾತು ಕೇಳದೆ ಕೆಟ್ಟ ಕೇಸುಗಳು ನಮ್ಮ ಕಡೆ ಬರುತ್ತಲೇ ಇರುತ್ತವೆ.

ವರದಿ ಕೈಗೆ ಬಂದಾಗ

ರಿಯಾಕ್ಟಿವ್ ಎಂದಿದ್ದರೆ ಸದ್ಯಕ್ಕೆ ಕೆಟ್ಟದ್ದೇನೂ ಕಾಣಲಿಲ್ಲ ಎಂದರ್ಥ. ನಾಲ್ಕರಿಂದ ಆರು ವಾರದಲ್ಲಿ ಇಳಿಯದಿದ್ದರೆ ಮತ್ತೆ ಬನ್ನಿ. ಮೆಟೀರಿಯಲ್ ಸಾಲದು ಎಂದಿದ್ದರೆ ಅದು ನಾರ್ಮಲ್ ವರದಿಯಲ್ಲ, ಮತ್ತೆ ಚುಚ್ಚಬೇಕು. ಗ್ರಾನ್ಯುಲೋಮಾ (ಉರಿಯೂತದ ಕೋಶಗಳ ಸಣ್ಣ ಗುಂಪು) ಎಂದಿದ್ದರೆ ನಮ್ಮಲ್ಲಿ ಮೊದಲ ಗುಮಾನಿ ಟಿಬಿಯದೇ, ಆದರೂ ಸಾರ್ಕಾಯ್ಡ್‌ನಂಥ ಬೇರೆ ರೋಗಗಳಲ್ಲೂ ಅದು ಕಾಣುತ್ತದೆ. ಲಿಂಫೋಮಾ (ದುಗ್ಧಗ್ರಂಥಿಯದೇ ಕ್ಯಾನ್ಸರ್) ಗುಮಾನಿ ಎಂದು ಬಂದರೆ ಸೂಜಿ ಸಾಲದು. ಯಾವ ಬಗೆಯ ಲಿಂಫೋಮಾ ಎಂದು ತಿಳಿಯಲು ಇಡೀ ಗ್ರಂಥಿಯನ್ನೋ ದಪ್ಪ ತುಂಡನ್ನೋ ತೆಗೆದು ಇಮ್ಯುನೊ ಪರೀಕ್ಷೆ ಮಾಡಬೇಕು. ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ಜ್ವರ, ತೂಕ ಇಳಿಕೆ ಟಿಬಿಗೂ ಲಿಂಫೋಮಾಕ್ಕೂ ಒಂದೇ ತರಹ ಇರುವುದರಿಂದ ಪುರಾವೆಯಿಲ್ಲದ ಟಿಬಿ ಚಿಕಿತ್ಸೆ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಟಿಬಿ ಎಂದು ರುಜುವಾತಾದರೆ ಹೆದರುವ ಕಾಯಿಲೆ ಅದಲ್ಲ. ಮಾಮೂಲಿ ಔಷಧಿಗೆ ಬಗ್ಗುವುದಾದರೆ ಕತ್ತಿನ ಗ್ರಂಥಿಗೆ ಆರು ತಿಂಗಳು, ಸರಕಾರದಿಂದ ಉಚಿತ. ಸರಕಾರದ ಟಿಬಿ ದಾಖಲೆಯಾದ ನಿಕ್ಷಯ್‌ನಲ್ಲಿ ಹೆಸರು ದಾಖಲಾದರೆ ಆಹಾರಕ್ಕೆಂದು ತಿಂಗಳಿಗೆ ₹1000 ಬ್ಯಾಂಕ್ ಖಾತೆಗೆ ಬರುತ್ತದೆ; 2024ರ ನವೆಂಬರ್‌ಗೆ ಮುಂಚೆ ₹500 ಇತ್ತು. ಬಗ್ಗದ ಟಿಬಿಗೆ ಗುಳಿಗೆಗಳೇ ಬೇರೆ, ಅದಕ್ಕೇ ಸಲೈನ್ ಬಾಟಲಿಯ ಬಗ್ಗೆ ಅಷ್ಟು ಹೇಳಿದ್ದು. 2012ರ ಸುಮಾರಿಗೆ ಯಾವ ಔಷಧಿಗೂ ಜಗ್ಗದ ಟಿಬಿ ಎಂದು ದೇಶವೆಲ್ಲ ಮಾತಾಡಿಕೊಂಡದ್ದು ಇದೇ ಮುಂಬಯಿಯ ರೋಗಿಗಳ ಬಗ್ಗೆ. ಚಿಕಿತ್ಸೆಯ ನಡುವೆ ಗಂಟು ಒಮ್ಮೆ ದೊಡ್ಡದಾಗುವುದೂ, ಹೊಸದೊಂದು ಏಳುವುದೂ ಉಂಟು. ಔಷಧಿ ಹಿಡಿಯಲಿಲ್ಲ ಎಂದು ನೀವಾಗಿಯೇ ಬಿಡಬೇಡಿ, ಹೋಗಿ ತೋರಿಸಿ. ಕತ್ತಿನ ಟಿಬಿ ಮಾತ್ರ ಇದ್ದು ಶ್ವಾಸಕೋಶ ಸರಿಯಿದ್ದರೆ ಕೆಮ್ಮಿನಿಂದ ಬೇರೆಯವರಿಗೆ ಹರಡುವುದಿಲ್ಲ. ಆ ಎಕ್ಸ್‌ರೇ ತೋರಿಸಿದ ಮೇಲೂ ಹುಡುಗನ ತಟ್ಟೆ-ಹಾಸಿಗೆ ಬೇರೆ ಮಾಡುವ ಮೆಸ್ಸಿನವರಿಗೆ ಸೇಠ್ರೇ ಬುದ್ಧಿ ಹೇಳಬೇಕು.

ಕ್ಯಾನ್ಸರ್ ಕೋಶ ಕಂಡರೆ ಅದು ಹುಟ್ಟಿದ ಜಾಗ ಹುಡುಕುವುದು ಮೊದಲು. "ಗಂಟು ತೆಗೆದುಬಿಡೋಣ, ಆಮೇಲೆ ನೋಡೋಣ" ಎನ್ನುವವರ ಕೈಗೆ ಕತ್ತು ಕೊಡಬೇಡಿ. ಹೀಗೆ ಬರೀ ಗಂಟು ಕತ್ತರಿಸಿದರೆ ಮುಂದಿನ ದೊಡ್ಡ ಆಪರೇಶನ್ ಕಷ್ಟವಾಗುತ್ತದೆ. ನಲವತ್ತು ದಾಟಿದವರ ಕತ್ತಿನ ಬದಿಯಲ್ಲಿ ನೀರು ತುಂಬಿದ ಗಂಟು ಬಂದರೆ ಬರೀ ಸಿಸ್ಟ್ ಎಂದು ನಂಬಬಾರದು, ಟಾನ್ಸಿಲ್ ಮತ್ತು ನಾಲಗೆಯ ಬುಡದ ಕ್ಯಾನ್ಸರ್ ಹೀಗೇ ವೇಷ ಹಾಕುತ್ತದೆ. ಪರೇಲಿನ ಟಾಟಾ ಮೆಮೋರಿಯಲ್ಲಿಗೆ ಹೋಗುವುದಾದರೆ ಬರೀ ವರದಿಯ ಕಾಗದ ಸಾಲದು. ಸ್ಲೈಡುಗಳನ್ನೂ ಬಯಾಪ್ಸಿಯ ಮೇಣದ ಬ್ಲಾಕನ್ನೂ ಲ್ಯಾಬಿನಿಂದ ಕೇಳಿ ಪಡೆದು ಹೋಗಿ. ಅಲ್ಲಿಯವರು ತಾವೇ ನೋಡಿ ತೀರ್ಮಾನಿಸುತ್ತಾರೆ.

ಥೈರಾಯ್ಡಿನ ದಾರಿ ಬೇರೆ. ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಮತ್ತು ಸೋನೊಗ್ರಫಿ ಮೊದಲು. ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕ್ಯಾನ್ಸರಲ್ಲ. ಸೋನೊಗ್ರಫಿಯವರು ಟೈರ್ಯಾಡ್ಸ್ ಎಂದು 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಅಮೆರಿಕದ ರೇಡಿಯಾಲಜಿ ಸಂಸ್ಥೆಯ ಪಟ್ಟಿಯಂತೆ 5ಕ್ಕೆ ಒಂದು ಸೆಂಟಿಮೀಟರ್, 4ಕ್ಕೆ ಒಂದೂವರೆ, 3ಕ್ಕೆ ಎರಡೂವರೆ ದಾಟಿದರೆ ಸೂಜಿ. ಸೂಜಿಯ ವರದಿ ಬೆಥೆಸ್ಡಾ ಎಂಬ ಆರು ಮೆಟ್ಟಿಲಿನದು; 2 ನಿರಾಳ, 6 ಕ್ಯಾನ್ಸರ್, 3-4 ನಮಗೂ ತಲೆನೋವು. ಫಾಲಿಕ್ಯುಲರ್ ಗಡ್ಡೆ ಸಾಧುವೋ ಅಲ್ಲವೋ ಎಂದು ಸೂಜಿ ಹೇಳಲಾರದು, ಅದರ ಹೊರಪದರ ಒಡೆದಿದೆಯೇ ಎಂದು ಆಪರೇಶನ್ ಮಾಡಿಯೇ ನೋಡಬೇಕು. ಟಿಎಸ್‌ಎಚ್ ಕಡಿಮೆ ಇದ್ದರೆ ಐಸೊಟೋಪ್ ಸ್ಕ್ಯಾನ್ ಬೇಕಾಗುತ್ತದೆ. ಪರೇಲಿನಲ್ಲೇ ಭಾಭಾ ಅಣುಸಂಶೋಧನಾ ಕೇಂದ್ರದ ರೇಡಿಯೇಶನ್ ಮೆಡಿಸಿನ್ ಸೆಂಟರ್ 1963ರಿಂದ ಈ ಕೆಲಸ ಮಾಡುತ್ತಿದೆ.

ಮಕ್ಕಳ ಕತ್ತಿನ ಗಂಟು ಬಹುಪಾಲು ಟಾನ್ಸಿಲ್, ತಲೆಯ ಗಾಯದ ಪ್ರತಿಕ್ರಿಯೆ. ಒಂದು ಮಾತು ಮಾತ್ರ: ಥೈರೋಗ್ಲಾಸಲ್ ಸಿಸ್ಟ್ ಎಂದು ಆಪರೇಶನ್ ಮಾಡುವ ಮುಂಚೆ ಮಗುವಿಗೆ ಬೇರೆ ಥೈರಾಯ್ಡ್ ಇದೆಯೆಂದು ಸೋನೊಗ್ರಫಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಅಪರೂಪಕ್ಕೆ ಆ ಗಂಟೇ ಮಗುವಿಗಿರುವ ಏಕೈಕ ಥೈರಾಯ್ಡ್ ಆಗಿರುತ್ತದೆ.

ವಾರ್ಡಿನಲ್ಲಿ ಮಲಗಿರುವವರ ಕತ್ತು ಊದಿದರೆ

ಬೇರೆ ಕಾಯಿಲೆಗೆ ಭರ್ತಿಯಾದವರ ಕತ್ತು ಇದ್ದಕ್ಕಿದ್ದಂತೆ ಊದಿದರೆ ಮೊದಲು ಕಾಣುವುದು ಪಕ್ಕದಲ್ಲಿ ಕೂತ ಮನೆಯವರಿಗೆ. ಥೈರಾಯ್ಡ್ ಅಥವಾ ಕತ್ತಿನ ಆಪರೇಶನ್ ಆದ ದಿನವೇ ಹೊಲಿಗೆಯ ಸುತ್ತ ಬಿಗಿದು ಊದುತ್ತ ಹೋದರೆ ಒಳಗೆ ರಕ್ತ ಸೇರುತ್ತಿದೆ. ಸಿಸ್ಟರನ್ನು ಕೂಗಿ ಕರೆಯಿರಿ, ರೌಂಡ್ಸಿಗೆ ಕಾಯಬೇಡಿ. ಕತ್ತಿನ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿದ್ದರೆ ಆ ಬದಿಯ ಊತ ರಕ್ತದ ಗುಡ್ಡೆ ಇರಬಹುದು, ಇಲ್ಲವೇ ನಾಳದಲ್ಲಿ ಹೆಪ್ಪುಗಟ್ಟಿರಬಹುದು. ಡಾಪ್ಲರ್ ಸೋನೊಗ್ರಫಿಯಲ್ಲಿ ತಿಳಿಯುತ್ತದೆ. ಎದೆಗೆ ಟ್ಯೂಬ್ ಹಾಕಿದವರ ಕತ್ತು ಊದಿ, ಒತ್ತಿದರೆ ಚರಚರ ಅಂದರೆ ಚರ್ಮದಡಿ ಗಾಳಿ ಸೇರಿದೆ. ಮುದುಕರು ಆಪರೇಶನ್ ಆಗಿ ನೀರು ಕುಡಿಯದೆ ಬಾಯಿ ಒಣಗಿ ಮಲಗಿದ್ದಾಗ ಕಿವಿಯ ಕೆಳಗೆ ನೋವಿನ ಊತ, ಜ್ವರ ಬಂದರೆ ಪೆರೋಟಿಡ್‌ನಲ್ಲಿ ಕೀವು. ಬಾಯಿ ಸ್ವಚ್ಛವಾಗಿ, ಒದ್ದೆಯಾಗಿ ಇಟ್ಟರೆ ಇದನ್ನು ಬಹಳಮಟ್ಟಿಗೆ ತಡೆಯಬಹುದು. ಮುಖ, ಕತ್ತು, ಎರಡೂ ತೋಳು ಊದಿ, ಕತ್ತಿನ ನರಗಳು ಉಬ್ಬಿ, ಮಲಗಿದರೆ ಜಾಸ್ತಿಯಾದರೆ ಎದೆಯೊಳಗೆ ದೊಡ್ಡ ರಕ್ತನಾಳವನ್ನು ಏನೋ ಒತ್ತುತ್ತಿದೆ. ತುಟಿ-ನಾಲಗೆ ಊದಿದರೆ ಬಿಪಿಗೆ ಹೊಸದಾಗಿ ಎನಾಲಪ್ರಿಲ್, ರಾಮಿಪ್ರಿಲ್ ಜಾತಿಯ ಗುಳಿಗೆ ಕೊಟ್ಟಿದ್ದಾರೆಯೇ ಎಂದು ಕೇಳಿ. ಹಳೆಯ ಗುಳಿಗೆಯಿಂದಲೂ ಹಾಗಾಗುವುದುಂಟು.

ಊರಿಗೆ ಹೊರಡುವ ಮುಂಚೆ

ಟಿಬಿ ಚಿಕಿತ್ಸೆ ಶುರುವಾಗಿ ಮೈ ಸ್ವಲ್ಪ ಹಗುರಾದ ಕೂಡಲೇ ಬಹಳ ಮಂದಿ ಊರಿನ ರೈಲು ಹತ್ತುತ್ತಾರೆ, ಗುಳಿಗೆ ಅಲ್ಲಿಗೇ ನಿಲ್ಲುತ್ತದೆ. ಹೋಗುವುದಾದರೆ ಟಿಬಿ ಕೇಂದ್ರದವರಿಗೆ ಹೇಳಿ ಹೋಗಿ. ನಿಕ್ಷಯ್ ಸಂಖ್ಯೆ ದೇಶಕ್ಕೆಲ್ಲ ಒಂದೇ. ಕಾರ್ಕಳವಿರಲಿ ಯಾದಗಿರಿಯಿರಲಿ, ಅಲ್ಲಿನ ಸರಕಾರಿ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡು ಮಿಕ್ಕ ತಿಂಗಳ ಗುಳಿಗೆ ಅಲ್ಲೇ ಪಡೆಯಬಹುದು. ಆಪರೇಶನ್ನಿನ ಖರ್ಚಿನ ಚಿಂತೆಯಿದ್ದರೆ ರೇಷನ್ ಕಾರ್ಡು, ಆಧಾರ್, ಆಯುಷ್ಮಾನ್ ಕಾರ್ಡು ಯಾವ ರಾಜ್ಯದ್ದಿದ್ದರೂ ಹಿಡಿದುಕೊಂಡು ಆಸ್ಪತ್ರೆಯ ಸೋಶಿಯಲ್ ವರ್ಕರ್ ಕೋಣೆಗೆ ಹೋಗಿ. ಯಾವ ಯೋಜನೆ ಹೊಂದುತ್ತದೆಂದು ಅವರು ಹೇಳುತ್ತಾರೆ. ಕೇಸ್ ಪೇಪರಿನ, ವರದಿಗಳ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ. ಸೂಜಿ ಪರೀಕ್ಷೆ ಮಾಡಿಸಿಕೊಂಡು ವರದಿ ತೆಗೆದುಕೊಳ್ಳಲು ಬಾರದವರ ಕಾಗದಗಳು ನಮ್ಮ ಕಪಾಟಿನಲ್ಲಿ ಈಗಲೂ ಇವೆ. ಫೋನ್ ನಂಬರ್ ಬದಲಾಗಿದ್ದರೆ ಕೌಂಟರಿನಲ್ಲಿ ಹೇಳಿ ಬರೆಸಿ.